ಧಾರವಾಡದಾಗ ಅಪೀಲ್ ವಕೀಲ್ರು, ನಮ್ಮ ಅನುಭವ (5ಕ್ಕ 4 ಸ್ಟಾರ್)

ಹಾವೇರಿ ಕಡೆ 20 ಗುಂಟೆ ಹೊಲದ ಕೇಸು. ಕೆಳಗಿನ ಕೋರ್ಟಿನಾಗ ನಾವು ಗೆದ್ವಿ, ಎದುರಿನವ್ರು ಅಪೀಲ್ ಹೋದ್ರು, ಅಲ್ಲಿ ನಾವು ಸೋತು ಹೊಲ ಬಿಟ್ಟುಕೊಡ್ರಿ ಅಂತ ಡಿಕ್ರಿ ಆತು. ಆಮ್ಯಾಲ ಹೈಕೋರ್ಟಿನ ಧಾರವಾಡ ಬೆಂಚಿನಾಗ ಬರೇ ಅಪೀಲ್ ಅಷ್ಟ ನಡಸೋ ಒಬ್ರನ್ನ ಹಿಡದ್ವಿ, ಹೆಸರು ಬ್ಯಾಡ. (2008ಕ್ಕಿಂತ ಮೊದಲು ಇದಕ್ಕ ಬೆಂಗಳೂರಿಗೇ ಹೋಗಬೇಕಿತ್ತು, ನಮ್ಮ ದೊಡ್ಡಪ್ಪನ್ನ ಕೇಳ್ರಿ.)

ಮೊದಲ್ನೇ ದಿನ ಅಪ್ಪಾಜಿ ಅಜ್ಜನ ಕಾಲದಿಂದ ಕಥಿ ಚಾಲೂ ಮಾಡಿದ್ರು, ಸಾಕ್ಷಿದಾರ ಸುಳ್ಳ ಹೇಳ್ಯಾನ್ರೀ ಅಂತ. ವಕೀಲ್ರು "ಯಜಮಾನ್ರ, ಯಾರು ಖರೇ ಹೇಳಿದ್ರು ಅಂತ ಸೆಕೆಂಡ್ ಅಪೀಲಿನಾಗ ಹೈಕೋರ್ಟ್ ಮತ್ತ ತೂಗಂಗಿಲ್ಲ, ಸಿವಿಲ್ ಪ್ರಕ್ರಿಯಾ ಸಂಹಿತೆ ಸೆಕ್ಷನ್ 100ರಾಗ ಕಾನೂನಿನ ಮಹತ್ವದ ಪ್ರಶ್ನೆ ಇದ್ರಷ್ಟ ಅಪೀಲ್ ವಿಚಾರಣೆಗೆ ಅಡ್ಮಿಟ್" ಅಂದ್ರು. ಅಪ್ಪಾಜಿಗೆ ಸಿಟ್ಟು ಬಂತು, ನನಗ ಮಾತ್ರ ಮನಷ್ಯಾ ಪಸಂದ ಬಂದ. ಕೇಸ್ ತಗೋತೀನೋ ಇಲ್ಲೋ ಎರಡೂ ತೀರ್ಪು ಓದಿ ಹೇಳ್ತೀನಿ ಅಂತ ಎಂಟು ದಿನ ಕೇಳಿದ್ರು. ಆವತ್ತು ನೋಡಿದ್ದು ಸರ್ಟಿಫೈಡ್ ಕಾಪಿಯ ಕೊನೇ ಪುಟದ ಸಿಕ್ಕಾ ಅಷ್ಟ, ಅರ್ಜಿ ಕೊಟ್ಟ ತಾರೀಖು, ನಕಲು ತಯಾರಾದ ತಾರೀಖು, ಯಾಕಂದ್ರ ಅಪೀಲ್ ಹಾಕೋ 90 ದಿನದ ಗಡುವಿನಾಗ ಆ ನಡುವಿನ ದಿನ ಹಿಡ್ಯಂಗಿಲ್ಲಂತ.

ಎಂಟು ದಿನಕ್ಕ ಹೋದ್ರ ತೀರ್ಪಿನ ತುಂಬ ಪೆನ್ಸಿಲ್ ಗೀಟು. ನಿಶಾನಿ ಡಿ-4 (ಕೋರ್ಟ್ ದಾಖಲೆಗೆ ಹಾಕಿದ ಗುರ್ತು) ಅಂದ್ರ ನಮ್ಮ ರಿಜಿಸ್ಟರ್ ವಾಟ್ನಿ (ಆಸ್ತಿ ಪಾಲು) ಪತ್ರ, ಕೆಳಗಿನ ಕೋರ್ಟ್ ಅದರ ಮ್ಯಾಲೇ ನಮಗ ಗೆಲ್ಲಿಸಿತ್ತು, ಆ ತೀರ್ಪು ರದ್ದು ಮಾಡಿದ ಅಪೀಲ್ ಕೋರ್ಟಿನವ್ರು ಆ ಪತ್ರದ ಬಗ್ಗೆ ಒಂದು ಸಾಲೂ ಬರದಿಲ್ಲ! ಅದನ್ನ ನಮ್ಮ ಹಳೇ ವಕೀಲ್ರೂ ಗಮನಿಸಿರ್ಲಿಲ್ಲ. ನಾವು ಇಪ್ಪತ್ತು ಪಾಯಿಂಟ್ ಬರಕೊಂಡು ಹೋಗಿದ್ವಿ, ವಕೀಲ್ರು ಅಪೀಲ್ ಮೆಮೊದಾಗ ಇಟ್ಟಿದ್ದು ಎರಡ.

ಅಪೀಲ್ ಹಾಕಿದ ಕೂಡ್ಲೇ ಡಿಕ್ರಿ ನಿಲ್ಲಂಗಿಲ್ಲ, ಸ್ಟೇಗೆ ಬ್ಯಾರೇ ಅರ್ಜಿ ಅಂತ ಅದನ್ನೂ ಕೂಡೇ ಹಾಕಿದ್ರು. ವಾದ ಹತ್ತ ನಿಮಿಷ ಸೈತ ಆಗ್ಲಿಲ್ಲ, ಡಿ-4ರ ಪುಟದ ನಂಬರ್ ಹೇಳಿ ಸುಮ್ನ ನಿಂತ್ರು, ಅಡ್ಮಿಟ್ ಆತು, ಸ್ಟೇನೂ ಸಿಕ್ತು. ಕೇಸ್ ಇನ್ನೂ ನಡದೈತಿ.

ಒಂದ ಸ್ಟಾರ್ ಕಡಿಮಿ ಯಾಕಂದ್ರ ಫೋನ್ ಎತ್ತಂಗಿಲ್ಲ, ಮತ್ತ ಕನ್ನಡ ಕಾಗದ ಇಂಗ್ಲಿಷಿಗೆ ಮಾಡಿಸಿ ಟೈಪ್ ಮಾಡಿಸೋ ಖರ್ಚು ಗುಮಾಸ್ತರು ಕಡೀಕ ಹೇಳಿದ್ರು, ಮೊದ್ಲ ಹೇಳಬೇಕಿತ್ತಲ್ರೀ.

ಹೋಗೂದಿದ್ರ ಎರಡೂ ತೀರ್ಪು, ನಿಶಾನಿ ಆದ ಕಾಗದ ಹೊಂದಿಸ್ಕೊಂಡು ಒಯ್ರಿ. ಅಪ್ಪಾಜಿನ್ನ ಮನ್ಯಾಗ ಬಿಟ್ಟು ಹೋಗ್ರಿ.