ಗನ್ನರ್, ಹೀಟ್, ಪಿಸಿ!: ಹಳೇ ಟ್ಯಾಂಕಿಗೆ ಪೂರ್ತಿ ಅಂಕ

ಆನ್‌ಲೈನ್‌ನ ಬಿಟ್ಟಿ ಟ್ಯಾಂಕ್ ಆಟಗಳು ನನಗೆ ಸಾಕಾಗಿದ್ದು ಪಿಂಗ್‌ನಿಂದ, ಅಂದರೆ ಇಂಟರ್ನೆಟ್ಟಿನ ತಡದಿಂದ. ನಮ್ಮ ಬಡಾವಣೆಯಲ್ಲಿ ಸಂಜೆಯಾದರೆ ಇಂಟರ್ನೆಟ್ ತೆವಳುತ್ತದೆ. ನಾನು ಗುರಿ ಹಿಡಿಯುವಷ್ಟರಲ್ಲಿ ಎದುರಿನವನು ನನ್ನನ್ನು ಸುಟ್ಟು ಮುಂದೆ ಹೋಗಿರುತ್ತಾನೆ. ಹಾಗಾಗಿ ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿ ಸ್ಟೀಮ್‌ನ ಸೇಲ್‌ನಲ್ಲಿ ‘ಗನ್ನರ್, ಹೀಟ್, ಪಿಸಿ!’ ಕೊಂಡೆ. ಒಬ್ಬರೇ ಆಡುವ ಆಟ. ಒಲೆ ಮೇಲೆ ಹಾಲಿಟ್ಟಿದ್ದರೂ ಯೋಚನೆಯಿಲ್ಲ, ನಿಲ್ಲಿಸಿ ಎದ್ದು ಹೋಗಬಹುದು.

2022ರಿಂದ ಅರ್ಲಿ ಆಕ್ಸೆಸ್‌ನಲ್ಲಿದೆ, ಅಂದರೆ ಪೂರ್ತಿ ಸಿದ್ಧವಾಗುವ ಮೊದಲೇ ಮಾರಾಟಕ್ಕಿದೆ. ಕಾಲ 1985, ಜಾಗ ಎರಡು ಜರ್ಮನಿಗಳ ಗಡಿ. ಅಮೆರಿಕ, ಸೋವಿಯತ್ ಬಣಗಳ ನಡುವೆ ನಿಜವಾಗಿ ನಡೆಯದೇ ಹೋದ ಯುದ್ಧ ಇಲ್ಲಿ ನಡೆಯುತ್ತದೆ. ಉಳಿದದ್ದು ಸ್ಟೋರ್ ಪುಟದಲ್ಲೇ ಇದೆ, ಓದಿರುತ್ತೀರಿ.

ಎಲ್ಲರ ಹಾಗೆ ನಾನೂ ಮೊದಲು ಹತ್ತಿದ್ದು ಅಮೆರಿಕದ ಎಂ1 ಟ್ಯಾಂಕ್. ಶಾಖ ಹಿಡಿಯುವ ಗುರಿಗನ್ನಡಿಯಲ್ಲಿ ಕತ್ತಲಲ್ಲೂ ಬಿಸಿ ಎಂಜಿನ್ ಹೊಳೆಯುತ್ತದೆ. ಲೇಸರ್ ಬಿಟ್ಟರೆ ದೂರ ಗೊತ್ತಾಗುತ್ತದೆ, ಉಳಿದ ಲೆಕ್ಕ ಕಂಪ್ಯೂಟರ್ ಮಾಡುತ್ತದೆ. ಆರಂಭದಲ್ಲಿ ಮಜಾ ಅನ್ನಿಸಿತು. ಆಮೇಲೆ ಬೇಜಾರು ಶುರುವಾಯಿತು. ಲೇಸರ್, ಗುಂಡು, ಹೊಗೆ. ಮತ್ತೆ ಲೇಸರ್, ಗುಂಡು, ಹೊಗೆ. ಇಷ್ಟಕ್ಕೆ ದುಡ್ಡು ಕೊಟ್ಟೆನಾ ಅಂತ ಮುಚ್ಚಿಟ್ಟಿದ್ದೂ ಉಂಟು.

ಮತ್ತೆ ತೆಗೆಸಿದ್ದು ಪೂರ್ವ ಜರ್ಮನಿಯ ಹಳೇ ಟ್ಯಾಂಕ್ ಟಿ-55ಎ. ಇದರಲ್ಲಿ ಲೇಸರ್ ಇಲ್ಲ. ಗುರಿಗನ್ನಡಿಯಲ್ಲಿ ಒಂದು ನೇರ ಗೆರೆ, ಅದರ ಮೇಲೊಂದು ಬಾಗಿದ ಗೆರೆ. ಶತ್ರು ಟ್ಯಾಂಕಿನ ಬುಡವನ್ನು ಕೆಳಗಿನ ಗೆರೆಯ ಮೇಲೆ ಕೂರಿಸಿ, ಅದರ ತಲೆಯು ಮೇಲಿನ ಗೆರೆಗೆ ಎಲ್ಲಿ ತಾಗುತ್ತದೋ ಅಲ್ಲಿನ ಅಂಕಿ ಓದಬೇಕು. ಅದೇ ದೂರ. ಆದರೆ ಈ ಗೆರೆಗಳನ್ನು ಎಳೆದಿರುವುದು 2.7 ಮೀಟರ್ ಎತ್ತರದ ಗುರಿಗೆ. ಅಮೆರಿಕದ ಹಳೇ ಟ್ಯಾಂಕ್ ಎಂ60 ಅದಕ್ಕಿಂತ ಎತ್ತರ, 3 ಮೀಟರ್ ದಾಟುತ್ತದೆ. ಹಾಗಾಗಿ 1,200 ಮೀಟರ್ ಆಚೆ ನಿಂತದ್ದು 1,000 ಮೀಟರ್‌ನಲ್ಲಿದ್ದಂತೆ ಕಾಣುತ್ತದೆ. ಅದನ್ನು ನಂಬಿ ಹೊಡೆದರೆ ಗುಂಡು ಮುಂದೆಯೇ ಮಣ್ಣಿಗೆ ಬೀಳುತ್ತದೆ. ಎಂ1 ಗಿಡ್ಡ, ಅದಕ್ಕೆ ಹೊಡೆದದ್ದು ತಲೆ ಮೇಲೆ ಹಾದುಹೋಗುತ್ತದೆ. ಇನ್ನು ಶತ್ರು ದಿಬ್ಬದ ಹಿಂದೆ ನಿಂತು ಬರೀ ತಲೆ ತೋರಿಸಿದರೆ ಅಳೆಯುವುದಾದರೂ ಏನನ್ನು? ಅಂದಾಜಿಗೆ ಒಂದು ಗುಂಡು ಬಿಟ್ಟು, ಮಣ್ಣು ಎಲ್ಲಿ ಹಾರಿತು ಅಂತ ನೋಡಿ ತಿದ್ದಿಕೊಳ್ಳಬೇಕು. ಅಷ್ಟರೊಳಗೆ ಎಂ1 ನಿಮ್ಮನ್ನು ಬಿಟ್ಟರೆ!

ಈಗ ಊಟವಾದ ಮೇಲೆ ನನ್ನ ಕೆಲಸ ಇದೇ. ದೀಪ ಆರಿಸುತ್ತೇನೆ, ಹೆಡ್‌ಫೋನ್ ಹಾಕುತ್ತೇನೆ, ಒಂದೇ ಒಂದು ಮಿಷನ್. ಸಿಬ್ಬಂದಿ ಜರ್ಮನ್‌ನಲ್ಲಿ ಕೂಗುತ್ತಾರೆ, ಒಂದಕ್ಷರ ಬಾರದಿದ್ದರೂ ಗಾಬರಿ ಅರ್ಥವಾಗುತ್ತದೆ. ಎರಡನೇ ಗುಂಡು ತಾಗಿತೋ, ಎಂ1ನಲ್ಲಿ ಇಡೀ ರಾತ್ರಿ ಸಿಗದ ಖುಷಿ.

ಮಿಷನ್ ಮುಗಿದ ಮೇಲೆ ಹೊಡೆತಗಳ ವರದಿ ಬರುತ್ತದೆ. ಇದನ್ನು ಬಿಟ್ಟು ಏಳಲೇಬೇಡಿ. ಟ್ಯಾಂಕ್ ಪಾರದರ್ಶಕವಾಗಿ ಕಾಣುತ್ತದೆ. ಗುಂಡು ಎಲ್ಲಿ ಹೊಕ್ಕಿತು, ಕಬ್ಬಿಣದ ಚೂರುಗಳು ಯಾವ ಕಡೆ ಚೆಲ್ಲಿದವು, ಎಲ್ಲಾ ಗೆರೆ ಗೆರೆಯಾಗಿ. ಬಿಟ್ಟಿ ಆಟ ವರ್ಲ್ಡ್ ಆಫ್ ಟ್ಯಾಂಕ್ಸ್‌ನಂತೆ ಇಲ್ಲಿ ಪ್ರಾಣದ ಅಂಕಿ ಇಳಿಯುವುದಿಲ್ಲ. ಗುಂಡು ಒಳಗೆ ಏನನ್ನು ಮುರಿಯಿತು ಅನ್ನುವುದೇ ಲೆಕ್ಕ. ಸೋವಿಯತ್ ಟ್ಯಾಂಕ್ ಟಿ-72ರಲ್ಲಿ ಸಿಬ್ಬಂದಿಯ ಕಾಲ ಕೆಳಗೇ 22 ಗುಂಡುಗಳು ಚಕ್ರದಂತೆ ಜೋಡಿಸಿರುತ್ತವೆ. ಒಂದು ಚೂರು ಅಲ್ಲಿಗೆ ಹೋದರೆ ಕಥೆ ಮುಗಿಯಿತು. ನಮ್ಮ ಸೇನೆಯ ಅಜೇಯ ಟ್ಯಾಂಕ್ ಕೂಡ ಇದೇ ಟಿ-72 ವಂಶದ್ದು ಅನ್ನುವುದು ನೆನಪಾದರೆ ಆ ಚಿತ್ರವನ್ನು ಜಾಸ್ತಿ ಹೊತ್ತು ನೋಡಲಾಗುವುದಿಲ್ಲ.

ತಕರಾರು ಇಲ್ಲವೆಂದಲ್ಲ. ಗೆಳೆಯರ ಜೊತೆ ಆಡಲು ಬರುವುದಿಲ್ಲ, ಮಲ್ಟಿಪ್ಲೇಯರ್ ಇಲ್ಲ. ನಮ್ಮ ಗ್ಯಾಂಗ್ ಅದಕ್ಕೇ ಬೈಯುತ್ತಿದೆ. ಹೊಸ ಟ್ಯಾಂಕ್ ಗೆಲ್ಲುವ, ಹಂತ ಏರುವ ಆಸೆಯಿದ್ದವರಿಗೆ ಇಲ್ಲಿ ಏನೂ ಸಿಗದು, ಬಹುತೇಕ ಎಲ್ಲವೂ ಮೊದಲೇ ತೆರೆದಿದೆ. ನನಗೆ ಅದೇ ಇಷ್ಟ. ನನ್ನದು ಹಳೇ ಗ್ರಾಫಿಕ್ಸ್ ಕಾರ್ಡ್, ಹುಲ್ಲು ಮರಗಳ ಸೆಟ್ಟಿಂಗ್ ಇಳಿಸಿದ ಮೇಲೆ ತಕರಾರಿಲ್ಲದೆ ಓಡುತ್ತಿದೆ.

ಎಂ1 ನೋಡಿ ಆಸೆಪಟ್ಟವರು ಸೇಲ್‌ವರೆಗೆ ಕಾಯಿರಿ. ಟಿ-55 ಬೇಕೆನ್ನುವವರು ಪೂರ್ತಿ ಬೆಲೆಗೇ ತೆಗೆದುಕೊಳ್ಳಿ. ಮೊದಲ ವಾರ ಎಂ60ಗಳ ಮೇಲಷ್ಟೇ ಕೈ ಪಳಗಿಸಿಕೊಳ್ಳಿ, ಓದಿದ ದೂರ ಸಾವಿರ ಮೀಟರ್ ಆಸುಪಾಸಿದ್ದರೆ ಇನ್ನೂರು ಸೇರಿಸಿ ಹೊಡೆಯಿರಿ.