ನಾಬ್ ಗೀಸರ್, ಡಿಜಿಟಲ್ ಗೀಸರ್: ಒಂದೇ ಗೋಡೆ, ಎರಡು ಸ್ವಭಾವ

ಚಿಕ್ಕಮಗಳೂರಿನ ನಮ್ಮ ಮನೆ ಹಿತ್ತಿಲ ಗೋಡೆ ಮೇಲೆ, ಸಜ್ಜಾ ಕೆಳಗೆ, ಈಗ ಎರಡು ಗ್ಯಾಸ್ ಗೀಸರ್ ಅಕ್ಕಪಕ್ಕ ನೇತಾಡುತ್ತಿವೆ. ನೋಡಿದವರೆಲ್ಲ ನಗುತ್ತಾರೆ. ಒಂದು ಆರು ವರ್ಷ ಹಳೆಯದು, ಮೂರು ನಾಬ್‌ನದು. ಇನ್ನೊಂದು ಕಳೆದ ನವೆಂಬರ್‌ನಲ್ಲಿ ತಂದ ಡಿಜಿಟಲ್. ಹಳೆಯದನ್ನು ಗುಜರಿಗೆ ಹಾಕೋಣ ಅಂತಲೇ ಹೊಸದು ತಂದಿದ್ದು. ಆದರೆ ಹಾಕಲಿಲ್ಲ.

ಹೊಸದು ತರಲು ಕಾರಣ ಅಪ್ಪ. ಹೋದ ವರ್ಷ ಏಪ್ರಿಲ್‌ನ ಒಂದು ಮಧ್ಯಾಹ್ನ ಮಗ್‌ನಲ್ಲಿ ನೀರು ಹಿಡಿದು ನೇರ ಕಾಲಿಗೆ ಹಾಕಿಕೊಂಡರು. ಬೊಬ್ಬೆ ಬಂತು. "ಚಳಿಗಾಲದಲ್ಲಿ ಎಷ್ಟಿಟ್ಟಿದ್ದೆನೋ ಅಷ್ಟೇ ಇತ್ತಲ್ಲೋ" ಅಂದರು. ಅವರು ಹೇಳಿದ್ದು ನಿಜ. ನಾಬ್ ಒಂದು ಗೆರೆಯೂ ಅಲ್ಲಾಡಿರಲಿಲ್ಲ. ತಪ್ಪು ಆಗಿದ್ದೇ ಅಲ್ಲಿ.

ಕಾಫಿಗೆ ನೀರಿನ ಬಿಸಿ ನೋಡಲು ತಂದ ಥರ್ಮಾಮೀಟರ್ ಮನೆಯಲ್ಲಿತ್ತು. ಮೊದಲು ಅದನ್ನೇ ಪರೀಕ್ಷೆ ಮಾಡಿದೆ. ಕುದಿಯುವ ನೀರಿಗೆ ಇಟ್ಟರೆ 96 ಡಿಗ್ರಿಗೇ ನಿಂತಿತು. ಹಾಳಾಗಿದೆ ಅಂದುಕೊಂಡೆ. ಆಮೇಲೆ ಹೊಳೆಯಿತು, ನಮ್ಮೂರು ಇರುವುದೇ ಸಾವಿರ ಮೀಟರ್‌ಗಿಂತ ಎತ್ತರದಲ್ಲಿ. ಇಲ್ಲಿ ನೀರು ನೂರಕ್ಕೆ ಮೊದಲೇ ಕುದಿಯುತ್ತದೆ. ಥರ್ಮಾಮೀಟರ್ ಸರಿಯಾಗೇ ಇತ್ತು.

ಡಿಸೆಂಬರ್‌ನಲ್ಲಿ ಬೆಳಿಗ್ಗೆ ಆರೂವರೆಗೆ ಟ್ಯಾಂಕ್ ನೀರು 16 ಡಿಗ್ರಿ. ಹಳೆಯ ಗೀಸರ್‌ನಲ್ಲಿ ಗ್ಯಾಸ್ ಪೂರ್ತಿ, ಪಕ್ಕದ ನಾಬ್ 'ವಿಂಟರ್'. ಹತ್ತು ಲೀಟರ್ ಬಕೆಟ್ ಎರಡು ನಿಮಿಷಕ್ಕೆ ತುಂಬಿತು. ನೀರು 46 ಡಿಗ್ರಿ. ಹಿತವಾಗಿತ್ತು. ಈ ಏಪ್ರಿಲ್‌ನಲ್ಲಿ ಮಧ್ಯಾಹ್ನ ಮೂರಕ್ಕೆ ಅದೇ ನಾಬ್, ಅದೇ ಬಕೆಟ್, ಅದೇ ಎರಡು ನಿಮಿಷ. ಬಿಸಿಲಿಗೆ ಕಾದ ಕಪ್ಪು ಟ್ಯಾಂಕಿನ ನೀರು 32 ಇತ್ತು. ನಲ್ಲಿಯಲ್ಲಿ ಬಂದದ್ದು 62!

ನಾಬ್ ಗೀಸರ್‌ಗೆ 46 ಅಂದರೇನು ಅಂತಲೇ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಇಷ್ಟು ಬೆಂಕಿ ಅಂತ ಮಾತ್ರ. ಆ ಬೆಂಕಿ ಆ ಹರಿವಿಗೆ 30 ಡಿಗ್ರಿ ಸೇರಿಸುತ್ತದೆ, ಬರುವ ನೀರು ಎಷ್ಟೇ ಇರಲಿ. 60 ಡಿಗ್ರಿ ನೀರು ಐದಾರು ಸೆಕೆಂಡಿಗೆ ಚರ್ಮ ಸುಡುತ್ತದೆ. 49ರಲ್ಲಿ ಅಷ್ಟು ಸುಡಲು ಕೆಲವು ನಿಮಿಷ ಬೇಕು. ವಯಸ್ಸಾದವರ ಚರ್ಮ ತೆಳು, ಅವರಿಗೆ ಇನ್ನೂ ಬೇಗ. 'ಸಮ್ಮರ್'ಗೆ ತಿರುಗಿಸಿದರೆ ಬರ್ನರ್‌ನ ಕೆಲವು ಸಾಲು ಆರುತ್ತವೆ. ಆಗ ಅದೇ ಮಧ್ಯಾಹ್ನ 47 ಬಂತು. ಅಂದರೆ ಈ ನಾಬ್ ಇರುವುದು ಅಲಂಕಾರಕ್ಕಲ್ಲ. ನಾವು ಆರು ವರ್ಷ ಅದನ್ನು ಮುಟ್ಟಿರಲಿಲ್ಲ, ಅಷ್ಟೆ.

ಇನ್ನೊಂದು ತರಲೆ ಹರಿವಿನದು. ಸ್ನಾನ ನಡೆಯುವಾಗ ಅಮ್ಮ ಅಡುಗೆಮನೆ ನಲ್ಲಿ ಬಿಟ್ಟರೆ ಗೀಸರ್‌ಗೆ ಬರುವ ನೀರು ಕಡಿಮೆಯಾಗುತ್ತದೆ. ನೀರು ಅರ್ಧವಾಗಿ ಬೆಂಕಿ ಅಷ್ಟೇ ಇದ್ದರೆ ಸೇರುವ ಬಿಸಿ ಎರಡರಷ್ಟು. ಬೇಸಿಗೆಯಲ್ಲಿ ಹಾಗಾದಾಗ ಬೆಂಕಿ ಟಪ್ ಅಂತ ಆರಿಬಿಡುತ್ತಿತ್ತು. ನಾವೆಲ್ಲ ಇದನ್ನು ಗೀಸರ್‌ನ ರೋಗ ಅಂದುಕೊಂಡಿದ್ದೆವು. ರಿಪೇರಿಗೆ ಬಂದವನು ನೋಡಿ, "ಈ ಸೆನ್ಸರ್ ಸುಮ್ನೆ ಕಾಟ ಕೊಡುತ್ತೆ ಸಾರ್, ಎರಡು ವೈರ್ ಸೇರಿಸಿ ಬಿಡ್ತೀನಿ" ಅಂದ. ಬೇಡ ಅಂದೆ. ಪುಣ್ಯ. ಅದು ಬಿಸಿನೀರಿನ ಕೊಳವೆಗೆ ಕಚ್ಚಿಸಿದ ನಾಣ್ಯದಷ್ಟು ಬಿಲ್ಲೆ. ತೀರಾ ಕಾದರೆ ಒಳಗಿನ ಲೋಹ ಬಾಗಿ, ಕರೆಂಟ್ ಕಡಿದು, ಗ್ಯಾಸ್ ವಾಲ್ವ್ ಮುಚ್ಚಿಸುತ್ತದೆ. ಒಳಗೆ ನೀರು ಆವಿಯಾಗಿ ಕೊಳವೆ ಒಡೆಯದಂತೆ ಕಾಯುವುದು ಅದರ ಕೆಲಸ. ನಮ್ಮ ಕಾಲು ಸುಡದಂತೆ ನೋಡುವುದು ಅದರ ಕೆಲಸವೇ ಅಲ್ಲ. ಅದು ಎಚ್ಚರವಾಗುವ ಹೊತ್ತಿಗೆ ನೀರು ಚರ್ಮ ಸುಡುವುದನ್ನು ಎಂದೋ ದಾಟಿರುತ್ತದೆ. ನಿಜವಾದ ರೋಗ ಬೇರೆ ಕಡೆ ಇತ್ತು. ನೀರು ಒಳಗೆ ಹೋಗುವ ಕಡೆಯ ಜಾಲರಿಯಲ್ಲಿ ತುಕ್ಕು, ಮರಳು ಕಟ್ಟಿತ್ತು. ಹಳೆ ಟೂತ್‌ಬ್ರಷ್‌ನಲ್ಲಿ ಉಜ್ಜಿದೆ. ಆರುವುದು ಮುಕ್ಕಾಲುಪಾಲು ನಿಂತಿತು.

ಇನ್ನು ಡಿಜಿಟಲ್. ಇದರಲ್ಲಿ 42 ಅಂತ ಒತ್ತಿದರೆ 42. ಬರುವ ನೀರಿನ ಬಿಸಿ, ಹರಿವು ನೋಡಿಕೊಂಡು ಗ್ಯಾಸನ್ನು ತಾನೇ ಹೆಚ್ಚು ಕಡಿಮೆ ಮಾಡುತ್ತದೆ. ಡಿಸೆಂಬರ್‌ನಲ್ಲಿ ಒಂದು ವಾರ ಅಳೆದೆ, 41ರಿಂದ 43ರೊಳಗೇ ಬಂತು. ಅಡುಗೆಮನೆ ನಲ್ಲಿ ಬಿಟ್ಟಾಗ ಒಂದೆರಡು ಸೆಕೆಂಡ್ ಏರಿ ಮತ್ತೆ ಇಳಿಯಿತು. ನಮ್ಮದರಲ್ಲಿ 48ರ ಮೇಲೆ ಹೋಗದಂತೆ ಲಾಕ್ ಮಾಡಬಹುದು. ತಂದ ದಿನವೇ ಮಾಡಿದೆ.

ಹಾಗಂತ ಕುಣಿದಾಡುವಂತಿಲ್ಲ. ಏಪ್ರಿಲ್ ಮಧ್ಯಾಹ್ನ 38ಕ್ಕೆ ಇಟ್ಟರೆ 43 ಬಂತು. ಬೆಂಕಿ ಎಷ್ಟು ಸಣ್ಣದಾದರೂ ಅದಕ್ಕೊಂದು ಕೆಳಮಿತಿ ಇದೆ, ಅದಕ್ಕಿಂತ ಕೆಳಗೆ ಉರಿಯಲಾರದು. ಆಗ ನಲ್ಲಿ ಪೂರ್ತಿ ಬಿಡುವುದೇ ದಾರಿ. ಇದಕ್ಕಿಂತ ಕಷ್ಟ ನಮ್ಮ ಅಭ್ಯಾಸದ್ದು. ಬಿಸಿನೀರು ಸುಡುಸುಡು ಬರಬೇಕು, ಬಕೆಟ್‌ನಲ್ಲಿ ತಣ್ಣೀರು ಬೆರೆಸಬೇಕು, ಅದೇ ಅಲ್ವಾ ನಮಗೆ ಗೊತ್ತಿರುವುದು? ಷವರ್ ಮಿಕ್ಸರ್‌ನಲ್ಲಿ ತಣ್ಣೀರು ಬೆರೆಸಿದರೆ ಗೀಸರ್ ಮೂಲಕ ಹೋಗುವ ನೀರು ಕಮ್ಮಿಯಾಗಿ ಬೆಂಕಿಯೇ ಆರುತ್ತದೆ. ಸ್ನಾನಕ್ಕೆ ಬೇಕಾದಷ್ಟಕ್ಕೇ ಇಟ್ಟು, ತಣ್ಣೀರು ನಲ್ಲಿ ಮುಟ್ಟದೆ ಇರಬೇಕು. ಅಪ್ಪನಿಗೆ ಇದನ್ನು ಕಲಿಸಲು ಸಂಕ್ರಾಂತಿ ಬಂತು. ಸೋಪು ಹಚ್ಚಲು ನಲ್ಲಿ ಮುಚ್ಚಿ ಮತ್ತೆ ಬಿಟ್ಟರೆ ನಡುವೆ ಒಂದು ಮಗ್ ತಣ್ಣೀರು ಬರುವುದೂ ಉಂಟು. ಅಮ್ಮನ ಎಣ್ಣೆ ಸ್ನಾನಕ್ಕಂತೂ 42 ಯಾತಕ್ಕೂ ಸಾಲದು, 46ಕ್ಕೆ ಇಟ್ಟುಕೊಡಬೇಕು. ಗ್ಯಾಸ್ ಖರ್ಚಿನಲ್ಲಿ ಹೇಳುವಂಥ ವ್ಯತ್ಯಾಸ ನನಗೆ ಕಾಣಲಿಲ್ಲ.

ಹೊಗೆಯ ವಿಷಯ. ಡಿಜಿಟಲ್‌ನಲ್ಲಿ ಫ್ಯಾನ್ ಇದೆ, ಉರಿದ ಗಾಳಿಯನ್ನು ಪೈಪಿನಲ್ಲಿ ಹೊರಗೆ ತಳ್ಳುತ್ತದೆ. ಫ್ಯಾನ್ ನಿಂತರೆ ಬೆಂಕಿ ಹತ್ತುವುದಿಲ್ಲ. ಹಳೆಯದು ಹೊಗೆಯನ್ನು ತನ್ನ ತಲೆಯ ಮೇಲಿನಿಂದಲೇ ಬಿಡುತ್ತದೆ. ಅದರಲ್ಲಿರುವುದು 20 ನಿಮಿಷಕ್ಕೆ ಆರುವ ಟೈಮರ್, ಮತ್ತೆ ಬೆಂಕಿ ಆರಿದರೆ ಗ್ಯಾಸ್ ನಿಲ್ಲಿಸುವ ಸೆನ್ಸರ್. ಆ ಹೊಗೆಯಲ್ಲಿ ಇರಬಹುದಾದ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ನಮ್ಮ ಎರಡು ಗೀಸರ್‌ನಲ್ಲಿ ಯಾವುದಕ್ಕೂ ಅದನ್ನು ಗುರುತಿಸಲು ಬರುವುದಿಲ್ಲ. ಟೈಮರ್ ಆರಿಸಿದ ಮೇಲೆ ನಲ್ಲಿ ಮುಚ್ಚಿ ತೆರೆದರೆ ಮತ್ತೆ 20 ನಿಮಿಷ ಶುರು. ಬಚ್ಚಲು ಮನೆಯೊಳಗೆ ನಾಬ್ ಗೀಸರ್ ಹಾಕಿಸಿಕೊಂಡವರು ಇದನ್ನು ಓದುವುದು ಬಿಟ್ಟು, ಮೊದಲು ಅದನ್ನು ಹೊರಗಿನ ಗೋಡೆಗೆ ಹಾಕಿಸಿ.

ಹಾಗಾದರೆ ಹಳೆಯದು ಯಾಕೆ ಉಳಿಯಿತು? ಡಿಜಿಟಲ್‌ಗೆ ಕರೆಂಟ್ ಬೇಕು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದರೆ ಇಲ್ಲಿ ಯಾವಾಗ ಬರುತ್ತದೆ ಅಂತ ಕೇಳಬೇಡಿ. ಇನ್ವರ್ಟರ್‌ಗೆ ಸೇರಿಸಿದ್ದೇನೆ, ಆದರೆ ಎರಡನೇ ದಿನ ಅದೂ ಕೈ ಕೊಡುತ್ತದೆ. ಹಳೆಯದಕ್ಕೆ ಎರಡು ದಪ್ಪ ಬ್ಯಾಟರಿ ಸಾಕು. ಅಪ್ಪ ದಿನಾ ಡಿಜಿಟಲ್‌ನಲ್ಲೇ ಸ್ನಾನ ಮಾಡುತ್ತಾರೆ. ಹಳೆಯದರ ಗ್ಯಾಸ್ ವಾಲ್ವ್ ಮುಚ್ಚಿದೆ, ನಾಬ್ 'ಸಮ್ಮರ್'ನಲ್ಲಿದೆ, ಅದರ ಮೇಲೆ ಕೆಂಪು ಟೇಪ್ ಸುತ್ತಿದ್ದೇನೆ. ಜೂನ್‌ಗೆ ಮೊದಲು ಬ್ಯಾಟರಿ ಬದಲಿಸಬೇಕು.