20-60×60 ಸ್ಪಾಟಿಂಗ್ ಸ್ಕೋಪ್: ಗಾಜು ಸಾಕು, ಕಾಲು ಸಾಲದು

ಸ್ಪಾಟಿಂಗ್ ಸ್ಕೋಪ್ ಅಂದರೆ ಟಾರ್ಗೆಟ್ ಮೇಲೆ ಗುಂಡು ಎಲ್ಲಿ ಬಿತ್ತು ಅಂತ ನೋಡುವ ದುರ್ಬೀನು. ಇದು 20ರಿಂದ 60 ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ, ಮುಂದಿನ ಗಾಜು 60 ಮಿ.ಮೀ. ಈ ಸ್ಕೋಪಿನ ಪೆಟ್ಟಿಗೆಯಲ್ಲಿ ಒಂದು ಗಿಡ್ಡ ಟ್ರೈಪಾಡ್ ಬರುತ್ತದೆ. ನೀವು ಪ್ರೋನ್, ಅಂದರೆ ಮಲಗಿ, ಹೊಡೆಯುವವರಾದರೆ ಅದನ್ನು ಪೆಟ್ಟಿಗೆಯಲ್ಲೇ ಬಿಡಿ. ನನಗಿರುವ ಸಿಟ್ಟೆಲ್ಲ ಆ ಟ್ರೈಪಾಡಿನ ಮೇಲೆ. ಅದನ್ನು ಮೊದಲು ಹೇಳಿಬಿಡುತ್ತೇನೆ, ಒಳ್ಳೆ ಮಾತು ಆಮೇಲೆ.

ನಾನು ಬೆಳಗಾವಿಯವನು. ರಜೆಯ ದಿನ ಬೆಳಿಗ್ಗೆ ಊರ ಹೊರಗಿನ ರೇಂಜಿನಲ್ಲಿ .22 ರೈಫಲ್, 50 ಮೀಟರ್, ಮಲಗಿ ಹೊಡೆಯುವುದು. ಪೇಪರ್ ಟಾರ್ಗೆಟ್. ಸ್ಕೋಪಿನ ಐಪೀಸ್ (ಕಣ್ಣಿಡುವ ತುದಿ) 45 ಡಿಗ್ರಿ ಬಾಗಿದ್ದು, ಒಂಬತ್ತು ಸಾವಿರದ ಆಸುಪಾಸು ಕೊಟ್ಟು ತಂದದ್ದು. ಇದೇ ಮಾಲು ಬೇರೆ ಬೇರೆ ಹೆಸರಿನಲ್ಲಿ ಸಿಗುತ್ತದೆ, ಹಾಗಾಗಿ ಹೆಸರು ಹೇಳುವುದಿಲ್ಲ. ಉಳಿದ ವಿವರ ಪೆಟ್ಟಿಗೆಯ ಮೇಲೇ ಇದೆ.

ಪ್ರೋನ್‌ನಲ್ಲಿ ಒಮ್ಮೆ ಮಲಗಿ ಸ್ಲಿಂಗ್ (ತೋಳಿಗೂ ರೈಫಲ್‌ಗೂ ಕಟ್ಟುವ ಪಟ್ಟಿ) ಬಿಗಿದ ಮೇಲೆ ಮೈ ಅಲ್ಲಾಡಬಾರದು. ಎಡ ಮೊಣಕೈ ಮ್ಯಾಟಿನ ಮೇಲೆ ಕೂತ ಜಾಗ, ಭುಜಕ್ಕೆ ರೈಫಲ್ ಒರಗಿದ ಜಾಗ, ರೈಫಲ್‌ನ ಹಿಂಭಾಗದ ಬಟ್ ಮೇಲೆ ಕೆನ್ನೆ ಇಟ್ಟ ಜಾಗ, ಈ ಮೂರೂ ಹೊಡೆತದಿಂದ ಹೊಡೆತಕ್ಕೆ ಹಾಗೇ ಉಳಿಯಬೇಕು. ಸ್ಕೋಪ್ ನೋಡಲು ಎದೆ ಎತ್ತಿದಿರೋ, ಕಟ್ಟಿದ ಪೊಸಿಷನ್ ಹೋಯಿತು. ಅದಕ್ಕೇ ಬಲಗೈಯವರು ಸ್ಕೋಪನ್ನು ಎಡಕ್ಕೆ ಇಡುತ್ತಾರೆ. ರೈಫಲ್‌ನಿಂದ ಕಣ್ಣು ತೆಗೆದು ತಲೆಯನ್ನು ಸ್ವಲ್ಪವೇ ವಾಲಿಸಿದರೆ ಎಡಗಣ್ಣಿನ ಮುಂದೆ ಐಪೀಸ್ ಇರಬೇಕು. ಆ ಗಿಡ್ಡ ಟ್ರೈಪಾಡಿನಲ್ಲಿ ಅದು ಸಾಧ್ಯವೇ ಇಲ್ಲ. ಕಾಲು ಅಗಲಿಸಿದರೆ ಒಂದು ಕಾಲು ನನ್ನ ಮೊಣಕೈ ಕೆಳಗೆ ಬರುತ್ತದೆ. ದೂರ ಇಟ್ಟರೆ ಕತ್ತು ಚಾಚಬೇಕು. ಮೇಲಿಂದ ಪ್ಲಾಸ್ಟಿಕ್ಕು. ಫೋಕಸ್ ಚಕ್ರ ಮುಟ್ಟಿದರೆ ಸಾಕು, ಟಾರ್ಗೆಟ್ ಕುಣಿಯುತ್ತದೆ, ನಿಲ್ಲುವವರೆಗೆ ಕಾಯುತ್ತಾ ಮಲಗಬೇಕು. ಗಾಳಿ ಬೀಸಿದರಂತೂ ನಿಲ್ಲುವುದೇ ಇಲ್ಲ. ಗನ್ ಶೂಟರ್‌ಗಳಿಗೆ ಅಂತಲೇ ಹೇಳಿ ಮಾರುವ ವಸ್ತು ಇದು. ಮಲಗಿ ಹೊಡೆಯುವ ಒಬ್ಬನನ್ನಾದರೂ ಕರೆದು ಕೇಳಬಾರದಿತ್ತಾ?

ಎರಡನೇ ತಕರಾರು ಆ ಅರವತ್ತು ಪಟ್ಟಿನದು. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದಿರುತ್ತಾರೆ, ಹೊಸಬರು ಅದನ್ನೇ ನೋಡಿ ಕೊಳ್ಳುತ್ತಾರೆ. 50 ಮೀಟರ್‌ನಲ್ಲಿ ನಮಗೆ ಕಾಣಬೇಕಾದ್ದು ಏನು? 5.6 ಮಿ.ಮೀ. ಗುಂಡಿನ ತೂತು. ಅದು ಟಾರ್ಗೆಟ್ ನಡುವಿನ 112.4 ಮಿ.ಮೀ. ಅಗಲದ ಕಪ್ಪು ವೃತ್ತದಲ್ಲಿ ಎಲ್ಲಿ ಬಿತ್ತು ಅಂತ ಗೊತ್ತಾದರೆ ಆಯಿತು. ಇಪ್ಪತ್ತು, ಇಪ್ಪತ್ತೈದು ಪಟ್ಟು ಧಾರಾಳವಾಯಿತು. ಮುಂದಿನ ಗಾಜು 60 ಮಿ.ಮೀ. ಇದ್ದಾಗ ಇಪ್ಪತ್ತು ಪಟ್ಟಿನಲ್ಲಿ 3 ಮಿ.ಮೀ. ಅಗಲದ ಬೆಳಕು ಕಣ್ಣಿಗೆ ಬರುತ್ತದೆ, ಅರವತ್ತಕ್ಕೆ ಏರಿಸಿದರೆ ಬರೀ 1 ಮಿ.ಮೀ. ಚಿತ್ರ ಮಬ್ಬಾಗುತ್ತದೆ, ಕಪ್ಪಿನ ಅಂಚಿಗೆ ನೇರಳೆ ಬಣ್ಣ ಹತ್ತುತ್ತದೆ, ತೂತು ಮೊದಲಿಗಿಂತ ಕಷ್ಟವಾಗಿ ಕಾಣುತ್ತದೆ. ಕನ್ನಡಕ ಹಾಕುವ ನನ್ನಂಥವರು ಆ 1 ಮಿ.ಮೀ. ಬೆಳಕಿಗೆ ಕಣ್ಣು ಕೂಡಿಸುವಷ್ಟರಲ್ಲಿ ಸುಸ್ತಾಗುತ್ತಾರೆ. ಝೂಮ್ ಬಳೆಯ ಮೇಲೆ ಇಪ್ಪತ್ತೈದರ ಎದುರಿಗೆ ನೇಲ್ ಪಾಲಿಶ್‌ನ ಒಂದು ಕೆಂಪು ಚುಕ್ಕೆ ಇಟ್ಟಿದ್ದೇನೆ. ಅಲ್ಲಿಂದ ಅದು ಕದಲುವುದೇ ಅಪರೂಪ.

ಬಿಳಿ ಕಾಗದದ ಮೇಲಿನ ತೂತು ಸಲೀಸಾಗಿ ಕಾಣುತ್ತದೆ. ಕಪ್ಪಿನೊಳಗಿನದಕ್ಕೆ ಟಾರ್ಗೆಟ್ ಹಿಂದೆ ಬೆಳಕು ಬೇಕು. ಫ್ರೇಮಿನ ಹಿಂದೆ ಹಲಗೆ ಒತ್ತಿಕೊಂಡಿದ್ದರೆ ಎಂಥ ಸ್ಕೋಪ್ ತಂದರೂ ಕಣ್ಣು ಕಿರಿದು ಮಾಡಿಕೊಂಡು ಹುಡುಕುವುದೇ. ಸ್ವಲ್ಪ ಜಾಗ ಬಿಟ್ಟು, ಹಿಂದಿನ ಮಣ್ಣಿನ ದಿಬ್ಬಕ್ಕೆ ಬಿಸಿಲು ಬೀಳುವ ಹಾಗಿದ್ದರೆ ತೂತು ಹೊಳೆಯುತ್ತದೆ.

ಸ್ಟ್ಯಾಂಡಿನ ಕಥೆಗೆ ಬರೋಣ. ಹೊರದೇಶದ ಪ್ರೋನ್ ಸ್ಟ್ಯಾಂಡಿನ ಬೆಲೆ ನೋಡಿದರೆ ಸ್ಕೋಪಿಗಿಂತ ಜಾಸ್ತಿ. ಆದರೆ ನಮ್ಮೂರಲ್ಲಿ ಉದ್ಯಮಬಾಗ್ ಇದೆಯಲ್ಲ! ಫೌಂಡ್ರಿ, ಲೇತ್ ಎಲ್ಲ ಒಂದೇ ಕಡೆ. ಒಂದು ಚಿಕ್ಕ ವರ್ಕ್‌ಶಾಪಿಗೆ ಕಾಗದದ ಮೇಲೆ ಗೀಚಿದ ಚಿತ್ರ ಒಯ್ದೆ. ದುಂಡನೆಯ ಬೀಡಿನ ಕಬ್ಬಿಣದ ಬುಡ, ಅದರಲ್ಲಿ ನೆಟ್ಟ ಅರ್ಧ ಇಂಚಿನ ಉಕ್ಕಿನ ರಾಡು, ರಾಡಿನ ಮೇಲೆ ಏರಿಳಿಯುವ ಒಂದು ಕ್ಲ್ಯಾಂಪು, ಅದರಿಂದ ನನ್ನ ಕಡೆಗೆ ಚಾಚಿದ ಗೇಣುದ್ದದ ತೋಳು. ತುದಿಗೆ ಸ್ಕೋಪ್ ಕೂರುವ ಬೋಲ್ಟು, ಕಾಲು ಇಂಚು, ಇಂಚಿಗೆ 20 ಎಳೆ. ಕ್ಯಾಮೆರಾ ಟ್ರೈಪಾಡಿನ ಮಾಮೂಲಿ ಅಳತೆಯೇ ಅದು. ಮೇಸ್ತ್ರಿ ಕ್ಲ್ಯಾಂಪಿನ ಸ್ಕ್ರೂಗೆ ಹಿತ್ತಾಳೆಯ ತುಂಡು ಕೊಟ್ಟರು, ರಾಡಿಗೆ ಗೀರು ಬೀಳಬಾರದು ಅಂತ. ನಾನು ಕೇಳಿರಲಿಲ್ಲ. ಒಟ್ಟು ಖರ್ಚು ಸ್ಕೋಪಿನ ಕಾಲು ಭಾಗವೂ ಆಗಲಿಲ್ಲ.

ಅಲ್ಲಿಂದ ಈ ಸ್ಕೋಪಿನ ಜೊತೆ ನನ್ನ ಸಂಬಂಧವೇ ಬದಲಾಯಿತು. ಈಗ ರೇಂಜಿಗೆ ಹೋದ ಕೂಡಲೇ ಮ್ಯಾಟ್ ಹಾಸಿ, ರೈಫಲ್ ಕವರಿನಿಂದ ತೆಗೆಯುವ ಮೊದಲೇ ಸ್ಟ್ಯಾಂಡ್ ಇಡುತ್ತೇನೆ. ಮಲಗಿ, ಸ್ಲಿಂಗ್ ಹಾಕಿ, ಕಣ್ಣು ಮುಚ್ಚಿ ಒಂದೆರಡು ಉಸಿರು. ಕಣ್ಣು ತೆರೆದು ತಲೆ ವಾಲಿಸುತ್ತೇನೆ. ಐಪೀಸ್ ಎಲ್ಲಿದ್ದರೆ ಕತ್ತಿಗೆ ಸುಖವೋ ಅಲ್ಲಿಗೆ ತೋಳು ತಿರುಗಿಸಿ ಬಿಗಿ ಮಾಡುತ್ತೇನೆ. ಸ್ಕೋಪಿನ ನಡುವಿನ ಕಾಲರ್ ಸಡಿಲಿಸಿ ಐಪೀಸನ್ನು ನನ್ನ ಕಡೆ ಹೊರಳಿಸಬಹುದು, ಬಾಗಿದ ಐಪೀಸಿನ ದೊಡ್ಡ ಲಾಭ ಇದೇ. ನೇರ ಐಪೀಸಿನದು ತಂದ ಗೆಳೆಯರು ಪ್ರತಿ ಸಲ ಕತ್ತು ಎತ್ತಿ ನೋಡುವುದನ್ನು ಕಂಡಿದ್ದೇನೆ.

ನಾನು ಎಣಿಸಿರದ ಖುಷಿ ಸಿಕ್ಕಿದ್ದು ಬೇಸಿಗೆಯಲ್ಲಿ. ಮಾರ್ಚ್ ಬಂತೆಂದರೆ ಬೆಳಿಗ್ಗೆ ಹತ್ತರ ಹೊತ್ತಿಗೆ ರೇಂಜಿನ ನೆಲ ಕಾದು ಬಿಸಿಲ್ಗುದುರೆ ಏಳುತ್ತದೆ. ಫೋಕಸ್ ಚಕ್ರವನ್ನು ಕೂದಲೆಳೆಯಷ್ಟು ತಿರುಗಿಸಿ ಗುರಿಗಿಂತ ಈಚೆಗೆ ತಂದರೆ ಟಾರ್ಗೆಟ್ ಸ್ವಲ್ಪ ಮಸುಕಾಗುತ್ತದೆ, ನಡುವಿನ ಗಾಳಿ ಕಾಣಲು ಶುರುವಾಗುತ್ತದೆ. ಸಣ್ಣ ಸಣ್ಣ ಅಲೆಗಳು. ಎಡದಿಂದ ಬಲಕ್ಕೆ ಹರಿದರೆ ಗಾಳಿ ಎಡದಿಂದ. ಜೋರಾದಷ್ಟೂ ಅಲೆ ಚಪ್ಪಟೆ, ಇನ್ನೂ ಜೋರಾದರೆ ಅಲೆಯೇ ಮಾಯ. ಗಾಳಿ ನಿಂತಾಗ, ಇಲ್ಲವೇ ನೇರ ಎದುರಿನಿಂದ ಅಥವಾ ಬೆನ್ನಿನಿಂದ ಬಂದಾಗ, ಕಾದ ಹಂಚಿನ ಮೇಲಿನ ಕಾವಿನಂತೆ ನೆಟ್ಟಗೆ ಮೇಲೇಳುತ್ತದೆ. ಆ ಹೊತ್ತಿನಲ್ಲಿ ಟ್ರಿಗರ್ ಮುಟ್ಟಬಾರದು. ಗಾಳಿ ದಿಕ್ಕು ಬದಲಿಸುವ ಮುಂಚೆಯೂ ಅದೇ ಕಾಣುವುದು, ಮುಂದಿನ ಕ್ಷಣ ಎತ್ತ ಹೊರಳುತ್ತದೋ ಹೇಳಲಾಗದು. ಹತ್ತು ಅಂಕದ ನಡು ವೃತ್ತ ಇರುವುದೇ 10.4 ಮಿ.ಮೀ., ಅದರ ಸುತ್ತಲಿನ ಪಟ್ಟೆಗಳು ಒಂದೊಂದೂ 8 ಮಿ.ಮೀ. ಅಗಲ. ಕೆನ್ನೆಗೆ ತಾಗಿಯೂ ತಾಗದ ಅಡ್ಡಗಾಳಿ .22 ಗುಂಡನ್ನು ಹತ್ತರಿಂದ ಒಂಬತ್ತಕ್ಕೆ ತಳ್ಳುತ್ತದೆ. ಮೊದಲೆಲ್ಲ ನಾನು ಲೇನ್ ಪಕ್ಕದ ಗಾಳಿಪಟ್ಟಿಯನ್ನೇ ನಂಬುತ್ತಿದ್ದೆ. ಪಟ್ಟಿ ಅದು ಇರುವ ಜಾಗದ ಗಾಳಿ ಹೇಳುತ್ತದೆ, ಅದೂ ಎದ್ದು ಹಾರುವಷ್ಟು ಗಾಳಿ ಇದ್ದರೆ. ಬಿಸಿಲ್ಗುದುರೆ ಸಣ್ಣ ಉಸಿರನ್ನೂ ತೋರಿಸುತ್ತದೆ. ಒಂದು ದಿಕ್ಕಿನ ಹರಿವಿಗೆ ರೈಫಲ್‌ನ ಗುರಿ ಹಿಡಿಯುವ ಸೈಟ್ ಹೊಂದಿಸಿಕೊಂಡು, ಅದು ಮರಳಿ ಬರುವವರೆಗೆ ಕಾದು ಹೊಡೆಯುವುದು ನನಗೆ ಈ ಆಟದಲ್ಲಿ ಅತಿ ಇಷ್ಟದ ಕೆಲಸವಾಗಿದೆ. ಇದಕ್ಕೂ ಇಪ್ಪತ್ತರಿಂದ ಇಪ್ಪತ್ತೈದು ಪಟ್ಟೇ ಸರಿ. ಏರಿಸಿದರೆ ಎಲ್ಲ ಕಲಸಿಹೋಗುತ್ತದೆ.

ವಿಜಯಪುರ, ಬಾಗಲಕೋಟೆ ಕಡೆ ಏಪ್ರಿಲ್‌ನಲ್ಲಿ ಹೊಡೆಯುವವರಿಗೆ ಇದು ಇನ್ನೂ ಮುಖ್ಯ. ಅಲ್ಲಿ ಬಿಸಿಲ್ಗುದುರೆ ಎಂಟಕ್ಕೇ ಹಾಜರು.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಪಕ್ಕದ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್ ತ್ರೀ ಪೊಸಿಷನ್‌ನಲ್ಲಿ (ಮಂಡಿಯೂರಿ, ಮಲಗಿ, ನಿಂತು ಹೊಡೆಯುವುದು) ಕಂಚು ಗೆದ್ದ ಮೇಲೆ ನಮ್ಮ ಕಡೆಯ ಹುಡುಗರಿಗೂ ಹುಮ್ಮಸ್ಸು ಬಂದಿದೆ. ಅವರು ಕೇಳುವುದು ಒಂದೇ: ದೊಡ್ಡ ಸ್ಪರ್ಧೆಯಲ್ಲಿ ಎಲೆಕ್ಟ್ರಾನಿಕ್ ಟಾರ್ಗೆಟ್, ಅಂಕ ಪಕ್ಕದ ಮಾನಿಟರ್‌ನಲ್ಲೇ ಬರುತ್ತದೆ, ಸ್ಕೋಪ್ ಯಾಕೆ ಸರ್? ಗುಂಡು ಎಲ್ಲಿ ಬಿತ್ತು ಅಂತ ಮಾನಿಟರ್ ಹೇಳುತ್ತದೆ. ಮುಂದಿನ ಗುಂಡನ್ನು ಗಾಳಿ ಎಲ್ಲಿಗೆ ಒಯ್ಯುತ್ತದೆ ಅಂತ ಹೇಳುವುದಿಲ್ಲ. 10 ಮೀಟರ್ ಏರ್ ರೈಫಲ್ ಮಾತ್ರ ಹೊಡೆಯುವವರು ಸುಮ್ನೆ ದುಡ್ಡು ಹಾಕಬೇಡಿ. ಅಲ್ಲಿ ಗಾಳಿಯೂ ಇಲ್ಲ, ಪೇಪರ್ ಟಾರ್ಗೆಟ್ ಆದರೆ ಹಗ್ಗದ ಮೇಲೆ ಹತ್ತಿರಕ್ಕೇ ಬರುತ್ತದೆ. 25 ಮೀಟರ್ ಪಿಸ್ತೂಲಿನವರಿಗೆ ಇದಕ್ಕಿಂತ ಚಿಕ್ಕ ಸ್ಕೋಪೇ ಸಾಕು, ಆ ಗಿಡ್ಡ ಟ್ರೈಪಾಡೂ ಮೇಜಿನ ಮೇಲೆ ಹೇಗೋ ನಡೆಯುತ್ತದೆ.

ಬಾಳಿಕೆ ವಿಷಯ. ಬೆಳಗಾವಿ ಮಳೆಗಾಲದಲ್ಲಿ ಲೆನ್ಸಿಗೆ ಬೂಸು ಹಿಡಿಯುವ ಭಯ ನನಗೆ ಜಾಸ್ತಿ ಇತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡುತ್ತೇನೆ. ನೀಲಿ ಹರಳು ಗುಲಾಬಿಗೆ ತಿರುಗಿದರೆ, ಅಡುಗೆಗೆ ಬಳಸದ ಹಳೇ ಬಾಣಲೆಯಲ್ಲಿ ಬಿಸಿ ಮಾಡಿದರಾಯಿತು. ಇಲ್ಲಿಯವರೆಗೆ ಗಾಜು ಸ್ವಚ್ಛವಾಗಿದೆ. ಧೂಳಾದರೆ ಮೊದಲು ಬ್ಲೋವರ್‌ನಿಂದ ಊದಿ, ಆಮೇಲೆ ಬಟ್ಟೆ. ನಮ್ಮ ಕೆಂಪು ಧೂಳಿನ ಮೇಲೆ ನೇರ ಬಟ್ಟೆ ಎಳೆದರೆ ಗೀರು ಖಂಡಿತ. ಝೂಮ್ ಬಳೆ ಈಚೆಗೆ ಚಳಿಗಾಲದಲ್ಲಿ ಬಿಗಿಯಾಗುತ್ತಿದೆ, ತಿರುಗಿಸದ ನನಗೆ ಅದರಿಂದ ತೊಂದರೆ ಇಲ್ಲ.

ಇದೇ ದುಡ್ಡಿಗೆ ಇವತ್ತು ಕೊಳ್ಳುವುದಾದರೂ ನಾನು ಇದನ್ನೇ ಕೊಳ್ಳುತ್ತೇನೆ. ಬಜೆಟ್ಟಿನಲ್ಲಿ ಸ್ಟ್ಯಾಂಡಿಗೆ ಎರಡು ಸಾವಿರ ಬೇರೆ ತೆಗೆದಿಡಿ. ವರ್ಕ್‌ಶಾಪಿಗೆ ಹೋಗುವಾಗ ಸ್ಕೋಪನ್ನೂ ಜೊತೆಗೆ ಒಯ್ಯಿರಿ, ನೀವು ಮಲಗಿದಾಗ ಎಡಗಣ್ಣು ನೆಲದಿಂದ ಎಷ್ಟು ಎತ್ತರ ಅಂತ ಮನೆಯಲ್ಲೇ ಯಾರಿಂದಾದರೂ ಟೇಪ್ ಹಿಡಿಸಿ ಅಳೆಸಿಕೊಂಡು ಹೋಗಿ.